ಹಂಪಿಯಲ್ಲಿ ಪ್ರವಾಸಿಗರು ಪಾಲಿಸಬೇಕಾದ ನಿಯಮ ಮತ್ತು ದಂಡಗಳ ಫಲಕ ಹಾಕಿಸುವಂತೆ ಮನವಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ವಿಜಯನಗರ ಜಿಲ್ಲೆ, ಹೊಸಪೇಟೆ.

ಇವರಿಂದ,
ಹಂಪಿ, ಕಡ್ಡಿರಾಂಪುರ ಮತ್ತು ಕಮಲಾಪುರದ ನಿವಾಸಿಗಳು, ಆಟೊ ಚಾಲಕರು, ಗೈಡುಗಳು ಹಾಗೂ ಹರಿಗೋಲು ನಡೆಸುವವರು.

ವಿಷಯ: ಯಾವ ತಪ್ಪಿಗೆ ಕೇಸು, ಯಾವುದಕ್ಕೆ ರಸೀದಿ ದಂಡ, ಯಾವುದು ಬರೀ ಊರಿನ ರೂಢಿ ಎಂಬುದನ್ನು ಬೇರೆ ಬೇರೆಯಾಗಿ ಬರೆದ ಫಲಕಗಳನ್ನು ಹಾಕಿಸುವ ಕುರಿತು.

ಮಾನ್ಯರೇ,

ಹಂಪಿಗೆ ಬರುವವರು ಹೆಚ್ಚಿನ ತಪ್ಪುಗಳನ್ನು ಗೊತ್ತಿಲ್ಲದೆ ಮಾಡುತ್ತಾರೆ. ಗೊತ್ತಾಗುವ ಹೊತ್ತಿಗೆ ಕಾವಲುಗಾರರ ಸೀಟಿ ಕೇಳಿರುತ್ತದೆ, ನಾಲ್ಕು ಜನ ಸೇರಿರುತ್ತಾರೆ, "ಎಲ್ಲಿ ಬರೆದಿದೆ ತೋರಿಸಿ" ಎಂಬ ವಾದ ಶುರುವಾಗಿರುತ್ತದೆ. ಆ ಪ್ರಶ್ನೆ ತಪ್ಪೆಂದು ಹೇಳುವಂತಿಲ್ಲ. ಇಲ್ಲಿನ ನಿಯಮಗಳು ಒಂದೇ ಕಾನೂನಿನಲ್ಲಿಲ್ಲ. ಸ್ಮಾರಕಗಳದ್ದು ಕೇಂದ್ರದ ಕಾಯ್ದೆ, ಪ್ಲಾಸ್ಟಿಕ್ಕಿಗೆ ರಾಜ್ಯದ್ದೂ ಕೇಂದ್ರದ್ದೂ ಎರಡು ಆದೇಶ, ಬೀಡಿ ಸಿಗರೇಟಿಗೆ ಮತ್ತೊಂದು ಕಾಯ್ದೆ, ಗುಡಿಯ ಒಳಗಿನದು ಸಂಪ್ರದಾಯ, ತುಂಗಭದ್ರಾ ಹೊಳೆಯದು ಅರಣ್ಯ, ನೀರಾವರಿ ಎರಡಕ್ಕೂ ಸೇರಿದ್ದು. ದಿನಾ ಇಲ್ಲೇ ಓಡಾಡುವವರಿಗೇ ಒಮ್ಮೊಮ್ಮೆ ಗೊಂದಲವಾಗುತ್ತದೆ. ಅದರಿಂದ ಎರಡು ಕೇಡು. ನಿಜವಾಗಿ ಜೈಲಿಗೆ ಹೋಗುವಂಥ ತಪ್ಪನ್ನು ಜನ ಹಗುರವಾಗಿ ಕಾಣುತ್ತಾರೆ. ದಂಡವೇ ಇಲ್ಲದ ವಿಷಯಕ್ಕೆ ಯಾರೋ ಹೆದರಿಸಿದರೆ ಕೈಯಲ್ಲಿದ್ದ ದುಡ್ಡು ಕೊಟ್ಟು ಹೋಗುತ್ತಾರೆ.

ಮೊದಲು ಕೇಸಿನ ವಿಷಯ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ 30ನೇ ಕಲಮಿನ ಪ್ರಕಾರ ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ, ಕಿತ್ತರೆ, ವಿರೂಪಗೊಳಿಸಿದರೆ 2 ವರ್ಷದವರೆಗೆ ಸೆರೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲು ಇದು ಮೂರು ತಿಂಗಳು, ಐದು ಸಾವಿರ ಇತ್ತು. 2010ರ ತಿದ್ದುಪಡಿಯಲ್ಲಿ ಏರಿತು. ಇದು ಪೊಲೀಸರು ವಾರಂಟಿಲ್ಲದೆ ಹಿಡಿಯಬಹುದಾದ ಅಪರಾಧ, ಶಿಕ್ಷೆ ಕೊಡುವುದು ಮ್ಯಾಜಿಸ್ಟ್ರೇಟರ ಕೋರ್ಟು. ಅಂದರೆ ಗೋಡೆಯ ಮೇಲೆ ಹೆಸರು ಕೆತ್ತಿದವರಿಂದ ಸ್ಥಳದಲ್ಲೇ ನಗದು ವಸೂಲಿ ಮಾಡುವ ಅಧಿಕಾರ ಕಾವಲುಗಾರರಿಗೂ ಇಲ್ಲ, ಗೈಡಿಗೂ ಇಲ್ಲ, ನಮಗಂತೂ ಇಲ್ಲವೇ ಇಲ್ಲ. ಫಲಕದಲ್ಲಿ ಈ ಒಂದು ಸಾಲು ದಪ್ಪಕ್ಷರದಲ್ಲಿ ಇರಲೇಬೇಕು.

2019ರ ಫೆಬ್ರುವರಿಯಲ್ಲಿ ಗಜಶಾಲೆಯ ಹಿಂದಿನ ವಿಷ್ಣು ಗುಡಿಯ ಕಂಬವನ್ನು ತಳ್ಳಿ ಕೆಡವಿದ ವಿಡಿಯೊ ದೇಶವೆಲ್ಲ ಹರಿದಾಡಿದ್ದು ತಮಗೆ ಗೊತ್ತೇ ಇದೆ. ಆ ನಾಲ್ವರಿಗೆ ಹೊಸಪೇಟೆ ಕೋರ್ಟು ತಲಾ 70,000 ರೂಪಾಯಿ ದಂಡ ಹಾಕಿತು, ಕಂಬವನ್ನು ಅವರ ಕೈಯಿಂದಲೇ ಎತ್ತಿ ನಿಲ್ಲಿಸಲಾಯಿತು. ಕಲಮಿನ ನಂಬರಿಗಿಂತ ಈ ಪ್ರಕರಣ ಜನರ ತಲೆಗೆ ಬೇಗ ಹೋಗುತ್ತದೆ. ಹೆಸರುಗಳು ಬೇಡ, ವರ್ಷ, ತಪ್ಪು, ಮೊತ್ತ ಮೂರನ್ನು ಬರೆದರೆ ಸಾಕು.

ವಿಜಯ ವಿಠ್ಠಲ ಗುಡಿಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ಜಗಳ ನಡೆಯುವುದು ಅಲ್ಲೇ. 50 ರೂಪಾಯಿ ನೋಟಿನ ಮೇಲಿರುವ ಕಲ್ಲಿನ ತೇರನ್ನು ಮುಟ್ಟಿ, ಹತ್ತಿ ಫೋಟೊ ತೆಗೆಸಿಕೊಳ್ಳುವ ಆಸೆ ಎಲ್ಲರಿಗೂ. ಅದರ ಗಾಲಿಗಳು ಒಂದು ಕಾಲದಲ್ಲಿ ತಿರುಗುತ್ತಿದ್ದವು. ತಿರುಗಿಸಿ ತಿರುಗಿಸಿ ಸವೆಯುತ್ತವೆ ಎಂದೇ ಸಿಮೆಂಟು ಹಾಕಿ ಕೂರಿಸಿದ್ದು. ಸಂಗೀತದ ಕಂಬಗಳದ್ದು ಇನ್ನೂ ಸೂಕ್ಷ್ಮ. ದೊಡ್ಡ ಕಂಬದ ಸುತ್ತ ಇರುವ ಸಣ್ಣ ಸಣ್ಣ ಕಂಬಗಳೂ ಅದೇ ಒಂದೇ ಕಲ್ಲಿನಲ್ಲಿ ಕಡೆದವು, ಬೆರಳಿನ ಗೆಣ್ಣು ತಾಗಿದರೂ ನಾದ ಕೊಡುವಷ್ಟು ತೆಳು. ನಾಣ್ಯದಿಂದ, ಬೀಗದ ಕೈಯಿಂದ ಬಡಿದರೆ ಮೊದಲು ಅಂಚಿನ ಚಕ್ಕೆ ಏಳುತ್ತದೆ, ಆಮೇಲೆ ಕಣ್ಣಿಗೆ ಕಾಣದ ಬಿರುಕು, ಅದರೊಳಗೆ ಮಳೆನೀರು. ಅದಕ್ಕೇ ರಂಗಮಂಟಪದೊಳಗೆ ಯಾರನ್ನೂ ಬಿಡುವುದಿಲ್ಲ. "ದುಡ್ಡು ಕೊಟ್ಟರೆ ನುಡಿಸಿ ತೋರಿಸುತ್ತಾರೆ" ಎಂಬ ಹಳೆಯ ನಂಬಿಕೆ ಇನ್ನೂ ಹೋಗಿಲ್ಲ. ಬರೀ "ಮುಟ್ಟಬೇಡಿ" ಎಂದು ಬರೆದರೆ ಕೈ ತುರಿಸುತ್ತದೆ. ಏಕೆ ಮುಟ್ಟಬಾರದು ಎಂದು ಎರಡು ಸಾಲು ಬರೆದರೆ ಅರ್ಧ ಜನ ತಾವಾಗಿಯೇ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ.

ಫಲಕ ಇರಬೇಕಾದ್ದು ಗುಡಿಯ ಬಾಗಿಲಲ್ಲಲ್ಲ, ಗೆಜ್ಜಲ ಮಂಟಪದ ಹತ್ತಿರದ ಪಾರ್ಕಿಂಗಿನಲ್ಲಿ. ಅಲ್ಲಿಂದ ಗುಡಿಗೆ ಹೋಗುವ ಬ್ಯಾಟರಿ ವಾಹನಕ್ಕೆ ಸಾಲು ನಿಂತವರಿಗೆ ಓದಲು ಪುರಸೊತ್ತು ಇರುವುದು ಆಗ ಮಾತ್ರ. ಟಿಕೆಟ್ಟಿನ ವಿವರವೂ ಅಲ್ಲೇ ಇರಲಿ: ಭಾರತೀಯರಿಗೆ 40, ವಿದೇಶಿಯರಿಗೆ 600 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಅದೇ ಟಿಕೆಟ್ಟು ಅದೇ ದಿನ ಕಮಲ ಮಹಲು, ಗಜಶಾಲೆ ಇರುವ ಆವರಣಕ್ಕೂ ಕಮಲಾಪುರದ ಮ್ಯೂಸಿಯಮ್ಮಿಗೂ ನಡೆಯುತ್ತದೆ. ಇದು ತಿಳಿಯದೆ ಒಂದೇ ದಿನ ಎರಡು ಸಲ ದುಡ್ಡು ಕೊಡುವವರಿದ್ದಾರೆ. ಶುಕ್ರವಾರ ಮ್ಯೂಸಿಯಂಗೆ ರಜೆ, ಅದನ್ನೂ ಬರೆಯಬೇಕು.

ಇನ್ನೊಂದು, ಯಾರೂ ತಪ್ಪೆಂದೇ ಎಣಿಸದ ತಪ್ಪು. ಹೇಮಕೂಟ, ಮತಂಗ ಬೆಟ್ಟ, ವಿಠ್ಠಲ ಗುಡಿಗೆ ಹೋಗುವ ಹೊಳೆದಂಡೆಯ ದಾರಿ, ಎಲ್ಲಿ ನೋಡಿದರೂ ಕಲ್ಲಿನ ಮೇಲೆ ಕಲ್ಲು ಪೇರಿಸಿದ ಪುಟ್ಟ ಗೋಪುರಗಳು. ಹೀಗೆ ಪೇರಿಸಿದರೆ ಸ್ವಂತ ಮನೆ ಆಗುತ್ತದೆ ಎಂಬ ನಂಬಿಕೆ. ಹರಕೆಯ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಆ ಕಲ್ಲುಗಳಲ್ಲಿ ಮಂಟಪದಿಂದ ಉದುರಿದ ಕೆತ್ತನೆಯ ತುಂಡುಗಳೂ ಇರುತ್ತವೆ. ಯಾವ ತುಂಡು ಯಾವ ಗೋಡೆಯದು ಎಂದು ಗುರುತಿಸುವುದು ಅದು ಬಿದ್ದ ಜಾಗದಿಂದ. ಐವತ್ತು ಹೆಜ್ಜೆ ಆಚೆ ಒಯ್ದರೆ ಆ ಗುರುತೇ ಅಳಿಯಿತು. 2024ರ ಮೇ ಮಳೆಗೆ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿದಂತೆ ಮುಂದೆಯೂ ಏನಾದರೂ ಬಿದ್ದರೆ, ಮತ್ತೆ ಜೋಡಿಸಲು ಪ್ರತಿ ತುಂಡೂ ಬಿದ್ದಲ್ಲೇ ಇರಬೇಕು.

ಸ್ಮಾರಕದೊಳಗೆ ಅಡಿಗೆ ಮಾಡುವುದು, ಉಣ್ಣುವುದು, ಸಾಕುಪ್ರಾಣಿ ತರುವುದು, ಗಾಡಿ ನುಗ್ಗಿಸುವುದು, ಪರವಾನಗಿ ಇಲ್ಲದೆ ಮಾರಾಟ ಮಾಡುವುದು ಅಥವಾ ಹಣ ಪಡೆದು ತೋರಿಸಲು ಕರೆದೊಯ್ಯುವುದು ಅದೇ ಸ್ಮಾರಕ ಕಾಯ್ದೆಯಡಿಯ 1959ರ ನಿಯಮಗಳ 8ನೇ ನಿಯಮದಂತೆ ನಿಷಿದ್ಧ. ಊಟದ ವಿಷಯದಲ್ಲಿ ಸುತ್ತಲಿನ ಹಳ್ಳಿಯವರೇ ಹೆಚ್ಚು ಸಿಕ್ಕಿಬೀಳುತ್ತಾರೆ ಎಂಬುದನ್ನು ಒಪ್ಪಿಕೊಳ್ಳಬೇಕು. ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದವರಿಗೆ ಮಂಟಪದ ನೆರಳು ಕಂಡರೆ ಕೂರುವುದೇ ಸಹಜ. ಎಣ್ಣೆಗಾಯಿಯ ಜಿಡ್ಡು ಕಲ್ಲಿಗೆ ಇಳಿದರೆ ತೊಳೆದರೂ ಹೋಗದು, ಉಳಿದ ಅನ್ನಕ್ಕೆ ಮಂಗಗಳು ಬರುತ್ತವೆ, ಮಂಗಗಳ ಹಿಂದೆ ಕೈಚೀಲ ಕಳೆದುಕೊಂಡವರ ಕೂಗಾಟ. ಬೇಡ ಎನ್ನುವುದರ ಜೊತೆಗೆ ಎಲ್ಲಿ ಕೂತು ಉಣ್ಣಬಹುದು ಎಂದು ಬಾಣದ ಗುರುತು ಹಾಕಿ ತೋರಿಸಬೇಕು. ಪಾರ್ಕಿಂಗಿನ ಪಕ್ಕ ನೆರಳು, ಕುಡಿಯುವ ನೀರು, ಕೈ ತೊಳೆಯಲು ನಲ್ಲಿ ಇಲ್ಲದಿದ್ದರೆ ಈ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಕೈಯಲ್ಲಿ ಹಿಡಿದ ಮೊಬೈಲು, ಕ್ಯಾಮೆರಾಕ್ಕೆ ತೊಂದರೆಯಿಲ್ಲ. ಸ್ಟ್ಯಾಂಡು, ಲೈಟು ತಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಮದುವೆಗೆ ಮುಂಚಿನ ಫೋಟೊಶೂಟಿನವರು ಬೆಂಗಳೂರಿನಿಂದ ಬಟ್ಟೆಬರೆ ಸಮೇತ ಬಂದು ಇಲ್ಲಿ ತಿಳಿದು ಪೇಚಾಡುತ್ತಾರೆ. ಡ್ರೋನಿನವರದ್ದು ಬೇರೆ ವಾದ. 250 ಗ್ರಾಂಗಿಂತ ಹಗುರವಾದದ್ದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ ಎನ್ನುವುದು ನಿಜ, ಆದರೆ ಸ್ಮಾರಕದ ಮೇಲೆ ಹಾರಿಸಲು ಅನುಮತಿ ಬೇಡ ಎಂದು ಅದರ ಅರ್ಥವಲ್ಲ.

ಈಗ ರಸೀದಿ ದಂಡ, ಅಂದರೆ ಸ್ಥಳದಲ್ಲೇ ರಸೀದಿ ಕೊಟ್ಟು ವಸೂಲಿ ಮಾಡುವ ದಂಡ. ಸಾರ್ವಜನಿಕ ಸ್ಥಳದಲ್ಲಿ ಸಿಗರೇಟು ಸೇದಿದರೆ ಮೊದಲು 200 ರೂಪಾಯಿ ಇದ್ದ ದಂಡ, ರಾಜ್ಯದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ಜಾರಿಯಾದ ಮೇಲೆ 1,000 ರೂಪಾಯಿವರೆಗೆ ಏರಿದೆ, ಗುಟ್ಕಾ ಉಗಿದರೂ ಈಗ ಅಷ್ಟೇ. ತಂಬಾಕು ಕೊಳ್ಳುವ ವಯಸ್ಸೂ 18ರಿಂದ 21ಕ್ಕೆ ಹೋಗಿದೆ. ಹಳೆಯ ಮೊತ್ತದ ಬೋರ್ಡುಗಳು ಎಲ್ಲಿದ್ದರೂ ತೆಗೆಸಬೇಕು, ಇಲ್ಲದಿದ್ದರೆ ಅದೇ ಜಗಳಕ್ಕೆ ಮೂಲ. ಹೆಲ್ಮೆಟ್ ಇಲ್ಲದ್ದಕ್ಕೆ ನಮ್ಮ ರಾಜ್ಯದಲ್ಲಿ 500 ರೂಪಾಯಿ, ಹಿಂದೆ ಕೂತವರಿಗೂ ಹೆಲ್ಮೆಟ್ ಬೇಕು. ಬಾಡಿಗೆ ಸ್ಕೂಟರಿನ ನಂಬರ್ ಪ್ಲೇಟು ಕಪ್ಪಾಗಿದ್ದು ಅಕ್ಷರ ಹಳದಿ ಇರಬೇಕು. ಬಿಳಿ ಪ್ಲೇಟಿನ ಗಾಡಿಯನ್ನು ಬಾಡಿಗೆಗೆ ಒಯ್ದು ಅಪಘಾತವಾದರೆ ವಿಮೆ ಸಿಗುವುದು ಕಷ್ಟ.

ಪ್ಲಾಸ್ಟಿಕ್ಕಿನಲ್ಲಿ ಸೂಕ್ಷ್ಮವಿದೆ. ಹೊರರಾಜ್ಯದವರು "120 ಮೈಕ್ರಾನಿಗಿಂತ ದಪ್ಪ ಇದೆ" ಎಂದು ಕೈಚೀಲ ತೋರಿಸುತ್ತಾರೆ. ಅದು ಕೇಂದ್ರದ ನಿಯಮ. ಕರ್ನಾಟಕದ 2016ರ ಆದೇಶದಲ್ಲಿ ಕೈಚೀಲ ಎಷ್ಟು ದಪ್ಪ ಇದ್ದರೂ ನಿಷೇಧವೇ. ಲೋಟ, ತಟ್ಟೆ, ಚಮಚವೂ ಇಲ್ಲ. ನೀರಿನ ಬಾಟಲಿ ಮಾತ್ರ ಆ ಪಟ್ಟಿಯಲ್ಲಿಲ್ಲ. ಬಾಟಲಿ ಹಿಡಿದವರನ್ನು ಹೆದರಿಸುವುದು ನಿಲ್ಲಲಿ. ಅಂದಹಾಗೆ ಫ್ಲೆಕ್ಸೂ ಅದೇ ಆದೇಶದಲ್ಲಿ ನಿಷಿದ್ಧ. ಈ ಫಲಕಗಳನ್ನೇ ಫ್ಲೆಕ್ಸಿನಲ್ಲಿ ಮಾಡಿಸಬಾರದೆಂದು ವಿನಂತಿ.

ಹೊಳೆಯ ವಿಷಯದಲ್ಲಿ ದಂಡಕ್ಕಿಂತ ಜೀವ ಮುಖ್ಯ. ಜಲಾಶಯದಿಂದ ನೀರು ಬಿಟ್ಟಾಗ ಪುರಂದರ ಮಂಟಪ ಮುಳುಗುತ್ತದೆ, ಹರಿಗೋಲು ನಿಲ್ಲಿಸಬೇಕಾಗುತ್ತದೆ. ಬೇಸಿಗೆಯಲ್ಲಿ ತಿಳಿಯಾಗಿ ಕಾಣುವ ನೀರಿನಡಿ ಪಾಚಿ ಹಿಡಿದ ಬಂಡೆ, ಬಂಡೆಗಳ ನಡುವೆ ಸುಳಿ, ಮೊಸಳೆಯೂ ಇದೆ. ಚಕ್ರತೀರ್ಥದಲ್ಲಿ ಈಜು ಬೇಡ. ಹರಿಗೋಲಿನಲ್ಲಿ ಲೈಫ್ ಜಾಕೆಟ್ ಹಾಕದವರನ್ನು ಹತ್ತಿಸಬಾರದು, ಇದನ್ನು ನಮ್ಮವರಿಗೂ ಕಟ್ಟುನಿಟ್ಟು ಮಾಡಿ. ಈ ಹೊಳೆಯ 34 ಕಿ.ಮೀ. ಉದ್ದ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಎಂಬುದು ಬಹುತೇಕ ಪ್ರವಾಸಿಗರಿಗೆ ತಿಳಿದೇ ಇಲ್ಲ. ಆಚೆ ದಡ ಆನೆಗೊಂದಿ ಕೊಪ್ಪಳ ಜಿಲ್ಲೆಗೆ ಸೇರಿದ್ದರಿಂದ ಎರಡೂ ದಡದಲ್ಲಿ ಒಂದೇ ಒಕ್ಕಣೆ ಇರುವಂತೆ ತಾವು ಅಲ್ಲಿನ ಜಿಲ್ಲಾಡಳಿತದ ಜೊತೆ ಮಾತಾಡಬೇಕು.

ಕೊನೆಯದು ರೂಢಿ. ವಿರೂಪಾಕ್ಷ ಗುಡಿಗೆ ಮೈ ಮುಚ್ಚುವ ಬಟ್ಟೆ, ಊರೊಳಗೆ ಮದ್ಯ ಮಾಂಸ ಬೇಡ, ಗರ್ಭಗುಡಿಯ ಫೋಟೊ ಬೇಡ. ಇವನ್ನು "ವಿನಂತಿ" ಎಂಬ ತಲೆಬರಹದಡಿ ಬೇರೆ ಬಣ್ಣದಲ್ಲಿ ಬರೆಯಬೇಕು, ಮುಂದೆ ರೂಪಾಯಿ ಗುರುತು ಇರಬಾರದು.

ಫಲಕದ ಮೇಲ್ಭಾಗಕ್ಕೆ ನಾವು ಸೂಚಿಸುವ ಒಕ್ಕಣೆ ಇದು:

"ಕಲ್ಲು ಕೆಡಿಸಿದರೆ ಕೇಸು: 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ. ಈ ದಂಡ ಹಾಕುವುದು ಕೋರ್ಟು. ಸ್ಥಳದಲ್ಲಿ ಯಾರಿಗೂ ನಗದು ಕೊಡಬೇಡಿ. ಬೇರೆ ಯಾವ ದಂಡಕ್ಕೂ ರಸೀದಿ ಕೇಳಿ ಪಡೆಯಿರಿ. ತುರ್ತಿಗೆ 112."

ಭಾಷೆ ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ಈ ಕ್ರಮದಲ್ಲಿರಲಿ. ಜಾಗಗಳು: ಹಂಪಿ ಬಸ್ ನಿಲ್ದಾಣ, ಕಡ್ಡಿರಾಂಪುರದ ತಿರುವು, ಗೆಜ್ಜಲ ಮಂಟಪದ ಪಾರ್ಕಿಂಗು, ಕಮಲ ಮಹಲಿನ ಟಿಕೆಟ್ ಕೌಂಟರು, ಹರಿಗೋಲು ಹತ್ತುವ ಘಟ್ಟ. ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವಾದ್ದರಿಂದ ಗುಂಡಿ ತೋಡಿ ಕಂಬ ನೆಡುವುದು ಬೇಡ, ತಳಭಾರವಿರುವ ಎತ್ತಿಡಬಹುದಾದ ಚೌಕಟ್ಟು ಸಾಕು. ಹಂಪಿ ಉತ್ಸವದ ಹೊತ್ತಿಗೆ ಅವನ್ನು ಬೇಕಾದಲ್ಲಿಗೆ ಸರಿಸಲೂ ಬರುತ್ತದೆ. ಕರಡು ಸಿದ್ಧವಾದಾಗ ಮುದ್ರಣಕ್ಕೆ ಮೊದಲು ಒಮ್ಮೆ ನಮಗೆ ತೋರಿಸಿದರೆ ಮೊತ್ತ, ಜಾಗದ ಹೆಸರು, ತೆಲುಗು ಕಾಗುಣಿತ ಮೂರನ್ನೂ ಎರಡು ದಿನದಲ್ಲಿ ನೋಡಿ ಕೊಡುತ್ತೇವೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು
(ಸಹಿಗಳ ಪಟ್ಟಿ ಲಗತ್ತಿಸಿದೆ)

ಪ್ರತಿ: ಹಂಪಿ ಗ್ರಾಮ ಪಂಚಾಯಿತಿ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಹಂಪಿ ವೃತ್ತ, ಪ್ರವಾಸೋದ್ಯಮ ಇಲಾಖೆ, ಹೊಸಪೇಟೆ.