ಹಾರ್ಮೋನ್ ಬಗ್ಗೆ ಕೇಳುತ್ತಿರುವವರಿಗೆ

ನಮ್ಮ ಟ್ರಾನ್ಸ್‌ಜೆಂಡರ್ ಗುಂಪಿನ ಎಲ್ಲರಿಗೂ ನಮಸ್ಕಾರ. ಮಾತ್ರೆಯ ಸ್ಟ್ರಿಪ್ ಫೋಟೊ ಹಾಕಿ "ಇದನ್ನೇ ಡಬಲ್ ತಗೊಳ್ಳಿ, ಬೇಗ ಎದೆ ಬರುತ್ತೆ" ಅನ್ನುವ ಮೆಸೇಜ್‌ಗಳು ಗುಂಪಿನಲ್ಲಿ ಜಾಸ್ತಿಯಾಗಿವೆ. ಇನ್ನು ಮುಂದೆ ಅವನ್ನು ಅಳಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎದೆ ಮೂಡಲು ಸಾಮಾನ್ಯವಾಗಿ 3ರಿಂದ 6 ತಿಂಗಳು, ಪೂರ್ತಿ ಬೆಳೆಯಲು 2-3 ವರ್ಷ ಬೇಕು. ಡೋಸ್ ಏರಿಸಿದರೆ ಬೇಗ ಆಗುವುದಿಲ್ಲ.

ಸುಲಭಕ್ಕೆ ಸಿಗುತ್ತದೆಂದು ಗರ್ಭನಿರೋಧಕ ಮಾತ್ರೆಯನ್ನೇ ನುಂಗುವವರಿದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿನೈಲ್ ಈಸ್ಟ್ರಡಯಾಲ್ ಎಂಬ ಕೃತಕ ಹೆಣ್ಣು ಹಾರ್ಮೋನ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಬೀಡಿ, ಸಿಗರೇಟು ಸೇದಿದರೆ ಇನ್ನೂ ಹೆಚ್ಚು. ಡಾಕ್ಟರು ಬರೆಯುವ ಈಸ್ಟ್ರಡಯಾಲ್ ಬೇರೆ. ಒಂದೇ ಕಾಲು ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಏದುಸಿರು ಬಂದರೆ ಇಲ್ಲಿ ಕೇಳುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಏನು ತಗೊಳ್ಳುತ್ತಿದ್ದೀರೆಂದು ಮುಚ್ಚಿಡದೆ ಹೇಳಿ.

ಸ್ಪೈರೊನೊಲ್ಯಾಕ್ಟೋನ್ (ಗಂಡು ಹಾರ್ಮೋನ್ ತಡೆಯುವ ಮಾತ್ರೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು) ತಗೊಳ್ಳುವ ಅಕ್ಕಂದಿರು ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿಯ) ಪರೀಕ್ಷೆ ತಪ್ಪಿಸಬೇಡಿ. ದಿನಾ ಎಳನೀರು ಕುಡಿಯುವವರಾದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದರಲ್ಲೂ ಪೊಟ್ಯಾಸಿಯಂ ಚೆನ್ನಾಗಿಯೇ ಇದೆ.

ಟೆಸ್ಟೊಸ್ಟೆರಾನ್ (ಗಂಡು ಹಾರ್ಮೋನ್) ಇಂಜೆಕ್ಷನ್ ಹಾಕಿಸಿಕೊಳ್ಳುವ ತಮ್ಮಂದಿರೇ, ಹಿಮೊಗ್ಲೋಬಿನ್ ಏರಿದೆ ಎಂದು ಖುಷಿಪಡಬೇಡಿ, ಅತಿಯಾದರೆ ರಕ್ತ ಮಂದವಾಗುತ್ತದೆ. ಮುಟ್ಟು ನಿಂತ ಮಾತ್ರಕ್ಕೆ ಬಸಿರಾಗುವುದಿಲ್ಲ ಅಂತಲೂ ಅಲ್ಲ. ಗಡುಸಾದ ದನಿ ಔಷಧ ಬಿಟ್ಟರೂ ಮೊದಲಿನಂತಾಗದು.

ಮುಂದೆ ಸ್ವಂತ ಮಗು ಬೇಕು ಅನ್ನುವವರು ವೀರ್ಯ ಅಥವಾ ಅಂಡಾಣು ಕಾಪಿಡುವ ಬಗ್ಗೆ ಔಷಧ ಶುರುಮಾಡುವ ಮೊದಲೇ ಕೇಳಿ.

ಲ್ಯಾಬ್ ರಿಪೋರ್ಟ್ ಹಾಕುವಾಗ ಹೆಸರು, ಫೋನ್ ನಂಬರ್ ಅಳಿಸಿ. ಎಷ್ಟೋ ಜನರ ಮನೆಯಲ್ಲಿ ಇನ್ನೂ ವಿಷಯ ಗೊತ್ತಿಲ್ಲ.