ಗಾಳಿಗೊಂದು ಮಿತಿ ಬರೆದು ಜಾರಿಗೆ ತನ್ನಿ: ಪ್ರವಾಸೋದ್ಯಮ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಪ್ರವಾಸೋದ್ಯಮ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಶುಕ್ರವಾರ ರಾತ್ರಿ ಆನಂದರಾವ್ ವೃತ್ತದಲ್ಲಿ ಗಾಳದ ಕೋಲಿನ ಉದ್ದನೆಯ ಚೀಲ ಹೆಗಲಿಗೇರಿಸಿಕೊಂಡು ಉಡುಪಿ, ಮುರುಡೇಶ್ವರ, ಕಾರವಾರದ ಬಸ್ಸಿಗೆ ಕಾಯುವವರನ್ನು ಈಗ ಯಾರು ಬೇಕಾದರೂ ನೋಡಬಹುದು. ಬೆಂಗಳೂರಿನಿಂದ ಮಲ್ಪೆಗೆ ಸುಮಾರು 400 ಕಿ.ಮೀ. ದಾರಿ. ಬಸ್ಸಿಳಿದು, ಮುಖ ತೊಳೆದು, ತಿಂಡಿ ಮುಗಿಸಿ ದೋಣಿ ಹತ್ತುವಾಗ ಗಂಟೆ ಹತ್ತೂವರೆ. ಊರಿನ ನಾಡದೋಣಿಯವರು ಬಲೆ ಎತ್ತಿ ದಡಕ್ಕೆ ಮರಳುವ ಹೊತ್ತಿಗೆ ನಮ್ಮವರು ಕಡಲಿಗೆ ಇಳಿಯುತ್ತಾರೆ. ಗೈಡ್ ಜೊತೆ ಹೋಗುವ ಗಾಳದ ಮೀನುಗಾರಿಕೆಯ ಅಪಾಯದಲ್ಲಿ ದೊಡ್ಡ ಪಾಲು ಈ ವೇಳಾಪಟ್ಟಿಯಲ್ಲೇ ಇದೆ. ಅದನ್ನು ಸರಿಪಡಿಸುವುದು ತಮ್ಮ ಇಲಾಖೆಗೆ ಸಾಧ್ಯ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇವೆ.

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ನಮ್ಮ ಕರಾವಳಿಯಲ್ಲಿ ಬೆಳಗಿನ ಜಾವ ಘಟ್ಟದ ಕಡೆಯಿಂದ ನೆಲಗಾಳಿ ಬೀಸುತ್ತದೆ. ಆಗ ದಡದ ಹತ್ತಿರ ನೀರು ತಟ್ಟೆಯಲ್ಲಿಟ್ಟ ಹಾಗೆ ಅಲುಗದೆ ಇರುತ್ತದೆ. ಮೋಸ ಇರುವುದೇ ಅಲ್ಲಿ: ಹೊರಗೆ ಹೋದಂತೆ ಗಾಳಿ ಬಿರುಸಾಗುತ್ತದೆ, ಎಂಜಿನ್ ಕೆಟ್ಟರೆ ದೋಣಿಯನ್ನು ಪಡುವಣಕ್ಕೆ ನೂಕಿಕೊಂಡು ಹೋಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ದಿಕ್ಕು ತಿರುಗಿ, ಮಧ್ಯಾಹ್ನದ ವೇಳೆಗೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ. ಮಾರ್ಚ್ ದಾಟಿದರೆ ಅದು ಇನ್ನೂ ಜೋರು. ಸಂಜೆ ಅಳಿವೆಯೊಳಗೆ (ಹೊಳೆ ಕಡಲು ಸೇರುವ ಬಾಯಿ) ಬರುವ ಸಮಯ ಇಳಿತದ ಸಮಯವೂ ಆಗಿಬಿಟ್ಟರೆ, ಹೊರಗೆ ಹರಿಯುವ ಹೊಳೆ ನೀರಿಗೆ ಒಳಗೆ ನುಗ್ಗುವ ಅಲೆ ಎದುರಾಗಿ ಗೋಡೆಯಂತೆ ಕಡಿದಾಗಿ ಎದ್ದು ಮುರಿಯುತ್ತದೆ. ಅದೇ ಅಳಿವೆ ಮೂರು ತಾಸು ಮುಂಚೆ, ಉಬ್ಬರದಲ್ಲಿ, ಸಲೀಸಾಗಿ ದಾಟುವಂತಿರುತ್ತದೆ. ಆದ್ದರಿಂದ ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದರೊಳಗೆ ಮರಳುವುದೇ ನಿಯಮವಾಗಬೇಕು. ಬೆಂಗಳೂರಿನಿಂದ ಬಂದವರು ಒಂದು ರಾತ್ರಿ ಅಲ್ಲೇ ತಂಗಲಿ. ಊರಿನ ಹೋಂಸ್ಟೇಗೂ ನಾಲ್ಕು ಕಾಸು ಸಿಗುತ್ತದೆ.

ಎರಡನೆಯದು ಗಾಳಿಯ ಮಿತಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಅದು ಮುಖ್ಯವಾಗಿ ಮೀನಿನ ಸಂತಾನ ಉಳಿಯಲಿ ಎಂದು ಮಾಡಿದ ನಿಯಮ. ಉಳಿದ ಹತ್ತು ತಿಂಗಳಲ್ಲಿ ಯಾವ ದಿನ ಪ್ರವಾಸಿಗಳನ್ನು ಕರೆದೊಯ್ಯಬಾರದು ಎಂಬುದಕ್ಕೆ ಬೇರೆ ಅಳತೆಗೋಲು ಬೇಕು. ಎಂಟು ಮೀಟರಿಗಿಂತ ಚಿಕ್ಕದಾದ ತೆರೆದ ಫೈಬರ್ ದೋಣಿಗೆ ಗಂಟೆಗೆ 20 ಕಿ.ಮೀ. ಗಾಳಿ ಮತ್ತು ಒಂದು ಮೀಟರ್ ಅಲೆ ಕೊನೆಯ ಮಿತಿ ಎಂಬುದು ನಮ್ಮ ಸಲಹೆ. ಗಾಳಿ 20 ದಾಟಿದರೆ ಕಡಲ ಮೇಲೆ ಎಲ್ಲಿ ನೋಡಿದರೂ ಬಿಳಿ ನೊರೆ ಕಾಣತೊಡಗುತ್ತದೆ. ಯಾವ ಉಪಕರಣವೂ ಇಲ್ಲದೆ ದಡದಲ್ಲೇ ನಿಂತು ಇದನ್ನು ಹೇಳಬಹುದು. ಗಾಳಿಯ ವೇಗ ಇಮ್ಮಡಿಯಾದರೆ ದೋಣಿಯ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮುನ್ಸೂಚನೆಯಲ್ಲಿ ಕೊಡುವ ಅಲೆಯ ಎತ್ತರ, ಎದ್ದ ಅಲೆಗಳಲ್ಲಿ ದೊಡ್ಡದಾದ ಮೂರನೇ ಒಂದು ಪಾಲಿನ ಸರಾಸರಿ. ಒಂದೂವರೆ ಮೀಟರ್ ಎಂದು ಬರೆದ ದಿನ ಸುಮಾರು ಮೂರು ಮೀಟರಿನ ಒಂಟಿ ಅಲೆಯೂ ಬರಬಹುದು. ಈ ಅಂಕಿಗಳಿಗಾಗಿ ಹೊಸದೇನೂ ಕಟ್ಟಬೇಕಿಲ್ಲ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕಡಲಿನ ಸ್ಥಿತಿಯ ಮುನ್ಸೂಚನೆ ಕೊಡುತ್ತಿದೆ, ಅರಮನೆ ರಸ್ತೆಯ ಹವಾಮಾನ ಕೇಂದ್ರದಿಂದ ಕರಾವಳಿಯ ಎಚ್ಚರಿಕೆ ಬರುತ್ತಿದೆ. ಅವನ್ನು ಹಿಂದಿನ ಸಂಜೆಯೇ ಪ್ರತಿ ಜೆಟ್ಟಿಯ ಹಲಗೆಯ ಮೇಲೆ ಕನ್ನಡದಲ್ಲಿ ಬರೆಸಿದರೆ ಸಾಕು.

ಆದರೆ ಮಿತಿ ಬರೆದ ಮಾತ್ರಕ್ಕೆ ದೋಣಿ ನಿಲ್ಲುವುದಿಲ್ಲ, ಏಕೆಂದರೆ ಹಣ ಮೊದಲೇ ಕೈಬದಲಾಗಿರುತ್ತದೆ. ಆರು ಜನ ಬೆಂಗಳೂರಿನಲ್ಲಿ ಕೂತು ಪೂರ್ತಿ ಹಣ ಕಟ್ಟಿ, ರಾತ್ರಿಯಿಡೀ ನಿದ್ದೆಗೆಟ್ಟು ಬಂದು ಜೆಟ್ಟಿಯಲ್ಲಿ ನಿಂತಾಗ “ಇವತ್ತು ಬೇಡ” ಎನ್ನಲು ದೋಣಿ ನಡೆಸುವ ತಾಂಡೇಲನಿಗೆ ನಾಲಿಗೆ ಏಳುವುದಿಲ್ಲ. ಹಾಗೆ ಹೇಳಿದರೆ ಅವನ ಆ ದಿನದ ಕೂಲಿ, ಡೀಸೆಲ್ಲು ಎರಡೂ ಹೋದಂತೆ. ಹಾಗಾಗಿ ಪ್ರವಾಸಿ ದೋಣಿಗಳ ನೋಂದಣಿಯ ಷರತ್ತಿನಲ್ಲೇ ಇದನ್ನು ಸೇರಿಸಿ: ಮುಂಗಡ ಶೇ 20ಕ್ಕಿಂತ ಹೆಚ್ಚಿರಕೂಡದು, ಗಾಳಿಯಿಂದ ರದ್ದಾದರೆ ಅದು ತಾಂಡೇಲನಿಗೇ ಸಲ್ಲಬೇಕು, ಪ್ರವಾಸಿಗೆ ಇನ್ನೊಂದು ದಿನ ಕೊಡಬೇಕು, ಉಳಿದ ಹಣ ದೋಣಿ ಹತ್ತುವಾಗ ಮಾತ್ರ. ಹೊರಡುವುದೋ ಬಿಡುವುದೋ ಎಂಬಲ್ಲಿ ತಾಂಡೇಲನದೇ ಕೊನೆಯ ಮಾತು. ಈ ಪತ್ರದಲ್ಲಿ ಒಂದೇ ಒಂದನ್ನು ಒಪ್ಪುವುದಾದರೆ ತಾವು ಇದನ್ನೇ ಒಪ್ಪಬೇಕೆಂದು ಕೇಳಿಕೊಳ್ಳುತ್ತೇವೆ.

ಇನ್ನು ದೋಣಿಯೊಳಗಿನ ವಿಷಯ. ಗಾಳಿಯಲ್ಲಿ ಅನಾಹುತಕ್ಕೆ ನೇರ ದಾರಿ ಲಂಗರು. 20 ಮೀಟರ್ ಆಳದಲ್ಲಿ ಬಂಡೆಯ ಪಕ್ಕ ಕೆಂಬೇರಿ, ಮುರು ಮೀನಿಗೆ ನಿಲ್ಲಬೇಕಾದರೆ ಗಾಳಿಯಿರುವ ದಿನ ಆಳದ ಏಳರಷ್ಟು, ಅಂದರೆ 140 ಮೀಟರ್ ಹಗ್ಗ ಬಿಡಬೇಕು. ಲಂಗರಿನ ಬುಡದಲ್ಲಿ ನಾಲ್ಕೈದು ಮೀಟರ್ ಸರಪಳಿಯೂ ಇರಬೇಕು. 60 ಮೀಟರ್ ಹಗ್ಗವಿದ್ದರೆ ಅಲೆ ಎತ್ತಿದಾಗಲೆಲ್ಲ ಲಂಗರು ನೆಲ ಬಿಟ್ಟು ಜಾರುತ್ತದೆ. ಹಗ್ಗ ಕಟ್ಟುವುದು ಮುಂಭಾಗಕ್ಕೆ ಮಾತ್ರ. ಗಾಳ ಬಿಡಲು ಅನುಕೂಲವೆಂದು ಹಿಂಭಾಗಕ್ಕೆ ಕಟ್ಟಿದರೆ, ಎಂಜಿನ್ ಕೂರಿಸಲು ತಗ್ಗಿಸಿದ ಹಿಂದಿನ ಹಲಗೆಯ ಮೇಲಿಂದ ಅಲೆ ನೇರ ಒಳಗೆ ಬೀಳುತ್ತದೆ. ಮೊದಲ ಅಲೆಯ ನೀರಿನ ಭಾರಕ್ಕೆ ಹಿಂಭಾಗ ಇನ್ನಷ್ಟು ಕುಸಿದಿರುವಾಗಲೇ ಎರಡನೆಯದು ಬರುತ್ತದೆ. ಪಂಪು ಚಾಲೂ ಮಾಡುವಷ್ಟು ಸಮಯವೂ ಸಿಗದು. ಲಂಗರು ಹಾಕದೆ ತೇಲುತ್ತಾ ಮೀನು ಹಿಡಿಯುವುದಾದರೆ, ದೋಣಿ ಅಲೆಗೆ ಅಡ್ಡ ಬೀಳದಂತೆ ಮುಂಭಾಗದಿಂದ ನೀರಿಗೆ ಬಿಡುವ ಬಟ್ಟೆಯ ಪ್ಯಾರಾಚೂಟ್ ಬೇಕು.

ಇನ್ನೊಂದು ಗಳಿಗೆಯನ್ನೂ ಗಮನಿಸಿ. ಅಂಜಲ್ ಮೀನು ಗಾಳ ಕಚ್ಚಿ ರೀಲು ಚೀರಿತೆಂದರೆ ದೋಣಿಯಲ್ಲಿದ್ದವರೆಲ್ಲ ಮೊಬೈಲ್ ಹಿಡಿದು ಆ ಬದಿಗೇ ಧಾವಿಸುತ್ತಾರೆ. ಆರು ಜನರೆಂದರೆ ಸುಮಾರು 400 ಕಿಲೋ ಒಂದೇ ಬದಿಗೆ ಸರಿಯಿತು. ಅದೇ ಕ್ಷಣ ಎದುರು ಬದಿಯಿಂದ ಅಲೆ ಎತ್ತಿದರೆ ದೋಣಿಯ ಅಂಚು ನೀರಿಗೆ ತಾಗುತ್ತದೆ. ಮೀನು ಹಿಡಿದವನು ಮತ್ತು ಕೊಕ್ಕೆ ಹಿಡಿದ ಗೈಡ್ ಬಿಟ್ಟು ಉಳಿದವರು ಕೂತಲ್ಲೇ ಕೂತಿರಬೇಕು ಎಂಬುದನ್ನು ಹೊರಡುವ ಮುಂಚೆ ಬಾಯಿಬಿಟ್ಟು ಹೇಳುವುದು ಗೈಡ್‌ನ ಕರ್ತವ್ಯವೆಂದು ನಿಯಮದಲ್ಲಿ ಬರೆಯಿರಿ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಪ್ರಾಣ ಕಳೆದುಕೊಂಡರು. ಲೈಫ್ ಜಾಕೆಟ್ ಸೀಟಿನ ಕೆಳಗಿದ್ದರೆ ಅದು ಇಲ್ಲದ ಹಾಗೆಯೇ. ಜೆಟ್ಟಿಯಲ್ಲೇ ತೊಡಿಸಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಬೇಕು. ಕಿವಿಯ ಮಟ್ಟಕ್ಕೆ ಏರಿದರೆ ಅಳತೆ ತಪ್ಪಿದೆ. 50 ನ್ಯೂಟನ್‌ನಷ್ಟು ತೇಲಿಸುವ ಬಲದ ತೆಳು ಜಾಕೆಟ್ ದಡದ ಬಳಿ ಈಜುವವರಿಗೆ ಸರಿ, ತೆರೆದ ಕಡಲಿಗೆ 150 ಬೇಕು. ಕಡಲಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲವಾದ್ದರಿಂದ ಪ್ರತಿ ದೋಣಿಯಲ್ಲಿ ತುರ್ತು ಕರೆಯ ಚಾನೆಲ್ 16ಕ್ಕೆ ಹಚ್ಚಿಟ್ಟ ವಿಎಚ್‌ಎಫ್ ರೇಡಿಯೊ ಇರಲಿ. ಕೋಸ್ಟ್ ಗಾರ್ಡ್‌ನ 1554, ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳನ್ನು ದೋಣಿಯ ಒಳಬದಿಗೆ ಪೇಂಟಿನಲ್ಲೇ ಬರೆಸಿ. ಇಂಧನ ಮೂರು ಪಾಲು: ಹೋಗಲು ಒಂದು, ಬರಲು ಒಂದು, ಎದುರುಗಾಳಿಗೆಂದು ಮುಟ್ಟದೆ ಇಡಲು ಒಂದು.

ಮಳೆಗಾಲ ಕಳೆದು ದೋಣಿಗಳು ಮತ್ತೆ ನೀರಿಗಿಳಿಯುವ ಮುನ್ನ ಈ ಷರತ್ತುಗಳ ಕರಡನ್ನು ಮೀನುಗಾರಿಕೆ ಇಲಾಖೆ ಮತ್ತು ಮೂರೂ ಕರಾವಳಿ ಜಿಲ್ಲೆಗಳ ಜಿಲ್ಲಾಧಿಕಾರಿಗಳ ಮುಂದಿಡಬೇಕೆಂದು ಕೋರುತ್ತೇವೆ. ಆ ಸಭೆಗೆ ತಾಂಡೇಲರನ್ನು ತಪ್ಪದೆ ಕರೆಯಿರಿ. ಸಭೆಯನ್ನು ವಿಧಾನಸೌಧದಲ್ಲಿ ಇಡುವ ಬದಲು ಯಾವುದಾದರೂ ಬಂದರಿನಲ್ಲಿ, ಮಧ್ಯಾಹ್ನ ಮೂರು ಗಂಟೆಗೆ ಇಟ್ಟರೆ ನಾವು ಹೇಳುತ್ತಿರುವ ಗಾಳಿ ಅಲ್ಲೇ ಬೀಸುತ್ತಿರುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ಬೆಂಗಳೂರಿನ ಗಾಳದ ಮೀನುಗಾರಿಕೆ ಹವ್ಯಾಸಿಗಳು ಮತ್ತು ಗೈಡ್‌ಗಳು