ಪುಂಡರು ಸರಿ, ಸೈಲೆನ್ಸರ್ ಮಾರಿದವರು ಯಾರು?

ಸಂಪಾದಕರೇ,

ಮುಂದಿನ ಚಕ್ರ ಎತ್ತಿ ಗಾಡಿ ಓಡಿಸುವ ಹುಡುಗರ ಬಗ್ಗೆ 'ವೀಲಿಂಗ್ ಪುಂಡರ ಹಾವಳಿ' ಅಂತ ನಿಮ್ಮ ಪತ್ರಿಕೆಯಲ್ಲಿ ಆಗಾಗ ಸುದ್ದಿ ಬರುತ್ತದೆ. ತುಮಕೂರು ರಸ್ತೆಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಆ ಪುಂಡರಲ್ಲಿ ಕೆಲವರು ನನ್ನ ಗಿರಾಕಿಗಳೇ, ಅದಕ್ಕೇ ಬರೆಯುತ್ತಿದ್ದೇನೆ.

ಅವರ ಪರ ವಕಾಲತ್ತೇನೂ ಅಲ್ಲ. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಹತ್ತಿರ ಸಿಟ್ಟಿಗೆದ್ದ ಜನ ವೀಲಿಂಗ್ ಹುಡುಗರ ಸ್ಕೂಟರ್‌ಗಳನ್ನು ಎತ್ತಿ ಫ್ಲೈಓವರ್ ಮೇಲಿಂದ ಕೆಳಗೆ ಬಿಸಾಡಿದರಲ್ಲ, ಆ ವಿಡಿಯೊ ನೋಡಿ ನನಗೂ ಒಳಗೊಳಗೇ ಖುಷಿಯಾಗಿತ್ತು. ಕೆಳಗೆ ಯಾರಾದರೂ ಹೋಗುತ್ತಿದ್ದರೆ ಏನು ಗತಿ ಅಂತ ಹೊಳೆದದ್ದು ಮರುದಿನ.

ನನ್ನ ಹತ್ತಿರ ಬರುವ ಒಬ್ಬನಿಗೆ ಹದಿನೇಳು ವರ್ಷ. ಯಾದಗಿರಿ ಕಡೆಯವನು, ಇಲ್ಲಿ ಗೋಡೌನ್‌ನಲ್ಲಿ ಮೂಟೆ ಇಳಿಸುತ್ತಾನೆ, ಆರು ಜನರ ಜೊತೆ ಒಂದು ಶೀಟ್ ಮನೆಯಲ್ಲಿ ಇದ್ದಾನೆ. ಅವನ ಸ್ಕೂಟರಿನ ಹಿಂದಿನ ನಂಬರ್ ಪ್ಲೇಟ್ ರಸ್ತೆಗೆ ಉಜ್ಜಿ ಉಜ್ಜಿ ಸವೆದಿದೆ, ಮೇಲಿನ ಸಾಲು ಉಳಿದಿದೆ, ಕೆಳಗಿನ ನಾಲ್ಕು ಅಂಕಿ ಮಾಯ. ಬೇರೆ ಹಾಕಿಸೋ ಅಂದರೆ "ಬಿಡಣ್ಣ, ಹಿಂಗೇ ಚಲೋ ಐತಿ" ಅಂತ ನಗುತ್ತಾನೆ. ವಾರವೆಲ್ಲ ಅವನ ಹೆಸರು ಕೇಳುವವರಿಲ್ಲ. ಭಾನುವಾರ ಬೆಳಿಗ್ಗೆ ಮುಂದಿನ ಚಕ್ರ ಎತ್ತಿದಾಗ ಮಾತ್ರ ಹತ್ತು ಮೊಬೈಲ್ ಅವನ ಕಡೆ ತಿರುಗುತ್ತವೆ.

ಸಿಕ್ಕಿಬಿದ್ದರೆ ಕಾನೂನು ಜೋರಾಗಿಯೇ ಇದೆ. ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಹೆತ್ತವರಿಗೋ ಗಾಡಿ ಮಾಲೀಕರಿಗೋ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಆದರೆ ಈ ಸ್ಕೂಟರ್ ಇರುವುದು ಊರಲ್ಲಿ ಕೂಲಿ ಮಾಡುವ ಅಪ್ಪನ ಹೆಸರಲ್ಲಿ, ಸಾಲದ ಕಂತು ಇನ್ನೂ ಮುಗಿದಿಲ್ಲ. ಮಗ ಇಲ್ಲಿ ಏನು ಮಾಡುತ್ತಾನೆ ಅಂತ ಆ ಮನುಷ್ಯನಿಗೆ ಗೊತ್ತೂ ಇಲ್ಲ. ವೀಲಿಂಗ್ ತಡೆಯಲು ಈಗಿರುವ ಕಾಯ್ದೆ ಸಾಲದು ಅಂತ ಹೈಕೋರ್ಟ್ ಕೂಡ 2025ರಲ್ಲಿ ಗಂಗಾವತಿಯ ಪ್ರಕರಣವೊಂದರಲ್ಲಿ ಹೇಳಿದೆ. ಬಿಗಿ ಮಾಡಲಿ, ಬೇಡ ಅನ್ನಲ್ಲ. ಆದರೆ ಬರೀ ಆ ಹುಡುಗನ ಕೊರಳಿಗಷ್ಟೇ ಅಲ್ಲ.

ಇಂಥ ಹುಡುಗರು ಗಾಡಿಗೆ ಹಾಕಿಸಿಕೊಳ್ಳುವ ಕಿವಿ ಹರಿಯುವ ಸೈಲೆನ್ಸರ್‌ಗಳನ್ನು ಹಾಡಹಗಲೇ ಅಂಗಡಿ ಮುಂದೆ ನೇತುಹಾಕಿ ಮಾರುತ್ತಾರೆ. ನಾನು ಕೂರಿಸಲ್ಲ ಅಂದರೆ ಪಕ್ಕದ ಬೀದಿಯಲ್ಲಿ ಅರ್ಧ ಗಂಟೆಯ ಕೆಲಸ. (ಮೊದಮೊದಲು ನಾನೂ ಕೂರಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.) ಪೊಲೀಸರು ಹಿಡಿದು ಕಿತ್ತ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹತ್ತಿಸುವ ಫೋಟೊ ನೀವೂ ಹಾಕುತ್ತೀರಿ. ಮುಂದಿನ ಸಲ ಆ ಫೋಟೊ ಕೆಳಗೆ ಅವನ್ನು ಯಾವ ಅಂಗಡಿಯಲ್ಲಿ ಕೊಂಡರು ಅಂತಲೂ ಒಂದು ಸಾಲು ಬರೆಯಿರಿ.

– ಒಬ್ಬ ಮೆಕ್ಯಾನಿಕ್, ತುಮಕೂರು ರಸ್ತೆ, ಬೆಂಗಳೂರು